ದಿಂಬಿಲ್ಲದ ಕ್ರಿಬ್

ಕಳೆದ ಮೇ ತಿಂಗಳಲ್ಲಿ ಒಂಬತ್ತು ತಿಂಗಳ ಮಗಳನ್ನು ಕರೆದುಕೊಂಡು ನ್ಯೂಜೆರ್ಸಿಯಿಂದ ಬ್ರಹ್ಮಾವರದ ಮನೆಗೆ ಬಂದಿದ್ದೆವು. ಅವಳಿಗೆಂದು ಉಡುಪಿಯಿಂದ ಮರದ ಕ್ರಿಬ್ (ಸುತ್ತ ಕಂಬಿ ಇರುವ ಮಗುವಿನ ಮಂಚ) ಒಂದನ್ನು ತರಿಸಿದ್ದೆ. ದೊಡ್ಡಮ್ಮ ಅದಕ್ಕೊಂದು ಸುತ್ತು ಬಂದು ನೋಡಿದರು. "ಎಂತ ಮಾರಾಯ ಇದು? ಮಗುವಿಗೆ ಒಂದು ದಿಂಬೂ ಇಲ್ವಾ?" ಅಂದರು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕ್ರಿಬ್ ತುಂಬಿತ್ತು. ಸುತ್ತ ನಾಲ್ಕು ದಿಂಬು, ಕೆಳಗೆ ಮಡಚಿ ಹಾಸಿದ ಹಳೆ ಸೀರೆ, ಮೂಲೆಯಲ್ಲಿ ಒಂದು ಗೊಂಬೆ. ಮಗಳು ದಿಂಬಿನ ಮೇಲೆ ಹತ್ತಿ ನಿಂತಿದ್ದಳು. ಅವಳ ಎದೆ ಕ್ರಿಬ್ಬಿನ ಮೇಲಂಚಿನ ಪಟ್ಟಿಯನ್ನು ದಾಟಿತ್ತು. ಕೆಳಗೆ ಕೆಂಪು ಸಿಮೆಂಟಿನ ನೆಲ. ಓಡಿ ಹೋಗಿ ಹಿಡಿದುಕೊಂಡೆ.

"ನಾನು ಇಲ್ಲೇ ಇದ್ದೇನಲ್ಲ" ಅಂದರು ದೊಡ್ಡಮ್ಮ. ನಿಜ, ಮೂರೇ ಅಡಿ ದೂರದಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಎರಡೂ ಕೈಗೆ ತೆಂಗಿನೆಣ್ಣೆ, ಬೆರಳ ತುಂಬ ಹಲಸಿನ ಮೇಣ. ಆ ಕೈಯಲ್ಲಿ ಬೀಳುವ ಮಗುವನ್ನು ಹಿಡಿಯುವುದು ಹೇಗೆ?

ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಅಮೆರಿಕದಲ್ಲಿ ಯಾರೂ "ಇಲ್ಲೇ" ಇರುವುದಿಲ್ಲ. ಹಾಗಾಗಿ ಕ್ರಿಬ್ಬೇ ಮಗುವನ್ನು ಕಾಯಬೇಕು. ಗಟ್ಟಿ ಹಾಸಿಗೆ, ಬಿಗಿಯಾಗಿ ಕೂರುವ ಒಂದೇ ಬೆಡ್‌ಶೀಟ್, ಅದರ ಮೇಲೆ ಮಗು. ಮೊದಲ ವರ್ಷ ದಿಂಬು, ಹೊದಿಕೆ, ಗೊಂಬೆ ಯಾವುದೂ ಬೇಡ ಅಂತ ಡಾಕ್ಟರು ಶುರುವಿನಲ್ಲೇ ಹೇಳಿದ್ದರು. ಮೆತ್ತನೆಯ ವಸ್ತುವಿಗೆ ಮುಖ ಒತ್ತಿಕೊಂಡರೆ ಉಸಿರು ಕಟ್ಟಬಹುದು. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರ್ ದಾಟಬಾರದು ಅನ್ನುವುದು ಅಲ್ಲಿ ಕಾನೂನು. ಬದಿ ಕೆಳಗೆ ಸರಿಯುವ ಕ್ರಿಬ್ಬುಗಳ ಮಾರಾಟ 2011ರಲ್ಲಿ ನಿಂತಿತು. ಬದಿಯ ಕೊಂಡಿ ಬಿಟ್ಟು, ಆ ಸಂದಿನಲ್ಲಿ ಮಕ್ಕಳು ಸಿಕ್ಕಿಕೊಂಡು ಜೀವ ಕಳೆದುಕೊಂಡಿದ್ದವು. ಕಂಬಿಗೆ ಕಟ್ಟುವ ಮೆತ್ತೆಗಳಿಗೂ 2022ರಲ್ಲಿ ನಿಷೇಧ ಬಂತು. ಮಗಳು ಕೂರಲು ಕಲಿತಾಗ, ಹತ್ತಿ ಬೀಳದ ಹಾಗೆ, ಹಾಸಿಗೆಯನ್ನು ಒಂದು ಹಂತ ಇಳಿಸಿದೆವು. ಹಿಡಿದು ಏಳಲು ನೋಡಿದ ದಿನವೇ ತೀರಾ ಕೆಳಗಿನ ಹಂತಕ್ಕೆ. ನಾಲ್ಕು ದಿಂಬು ಸೇರಿದರೆ ಆ ಇಳಿಸಿದ್ದೆಲ್ಲ ವ್ಯರ್ಥ ಅಲ್ವಾ?

ಮತ್ತೆ ಆ ಸೆಕೆ! ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ತಿರುಗುತ್ತಿದ್ದರೂ ನಮಗೇ ಬೆವರು. ಮಗುವಿಗೆ ಮಾತ್ರ ಟೊಪ್ಪಿ, ಕಾಲುಚೀಲ. "ಕೈ ತಣ್ಣಗಿದೆ ನೋಡು" ಅಂತ ಚಿಕ್ಕಮ್ಮ ಹೊದಿಸುತ್ತಿದ್ದರು. ಮಕ್ಕಳ ಕೈಕಾಲು ತಣ್ಣಗಿರುವುದು ಮಾಮೂಲು. ನೋಡಬೇಕಾದ್ದು ಕುತ್ತಿಗೆಯ ಹಿಂದೆ, ಎದೆಯ ಮೇಲೆ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಬೇಕು. ಮಗಳ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದ ಮೇಲೆ ಟೊಪ್ಪಿ ಹೋಯಿತು.

"ನಿನ್ನನ್ನೂ ಹೀಗೇ ಬೆಳೆಸಿದ್ದಲ್ವಾ?" ಅನ್ನುವ ಪ್ರಶ್ನೆ ಬಂದೇ ಬಂತು. ನನ್ನನ್ನು ಬೆಳೆಸುವಾಗ ಆ ಮನೆಯಲ್ಲಿ ಒಂಬತ್ತು ಜನ ಇದ್ದರು. ಈಗ ಇಬ್ಬರು, ಇಬ್ಬರಿಗೂ ಎಪ್ಪತ್ತು ದಾಟಿದೆ. ಕಾಯುವ ಕಣ್ಣು ಕಡಿಮೆಯಾಗಿದೆ, ಅಭ್ಯಾಸ ಮಾತ್ರ ಹಾಗೇ ಇದೆ. ಊರಿನ ಮೇಲೆ ನನಗೆ ಸಿಟ್ಟು ಬರುವುದು ಅಲ್ಲೇ.

ಆದರೂ ಒಂದು ಮಾತು ಒಪ್ಪಬೇಕು. ಅಟ್ಟದ ತೊಟ್ಟಿಲನ್ನು ಇಳಿಸೋಣವಾ ಅಂತ ನಾನು ಕೇಳಿದಾಗ ಬೇಡ ಅಂದವರು ದೊಡ್ಡಮ್ಮನೇ. "ಕವುಚಿದ ಮಗುವಿಗೆ ತೊಟ್ಟಿಲು ಆಗುವುದಿಲ್ಲ, ಚಾಪೆಯೇ ಸರಿ" ಅಂದಿದ್ದರು. ನಮ್ಮನ್ನೆಲ್ಲ ನೆಲದ ಚಾಪೆಯ ಮೇಲೆ ಮಲಗಿಸಿದ್ದು ಸುಮ್ನೆ ಅಲ್ಲ. ನೆಲದಿಂದ ಬೀಳುವುದು ಎಲ್ಲಿಗೆ? ಇನ್ನೊಂದೂ ಇದೆ. ನ್ಯೂಜೆರ್ಸಿಯಲ್ಲಿ ಮಗಳು ಮೈಕ್ರೋವೇವ್ ಸದ್ದಿಗೇ ಎಚ್ಚರವಾಗುತ್ತಾಳೆ. ಇಲ್ಲಿ ಮಿಕ್ಸಿ, ಬಸ್ಸಿನ ಹಾರ್ನ್, ನಾಯಿಯ ಬೊಗಳು ಎಲ್ಲದರ ನಡುವೆ ಎರಡು ಗಂಟೆ ನಿದ್ದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೋಣೆಗೆ ಇಣುಕಿದೆ. ದಿಂಬುಗಳು ಮಂಚದ ಮೇಲಿದ್ದವು. ಮಗಳು ಬರಿಯ ಹಾಸಿಗೆಯಲ್ಲಿ ಮಲಗಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ನೆಲಕ್ಕೆ ಕೂತು, ಬಳೆ ಸದ್ದಾಗದ ಹಾಗೆ ಮೊಣಕೈಗೆ ಸರಿಸಿಕೊಂಡು, ಕಂಬಿಯ ಸಂದಿನಿಂದ ಕೈ ತೂರಿಸಿ ಅವಳ ಬೆನ್ನು ತಟ್ಟುತ್ತಿದ್ದರು.