ಬಿಸಿಲಿಗೂ ಕೋರಂ ಬೇಕು ಸ್ವಾಮಿ

ರಾಯಚೂರಿನಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ 44 ಡಿಗ್ರಿ ಇದೆ ಅಂದುಕೊಳ್ಳಿ. ತೀನ್ ಕಂದಿಲ್ ಹತ್ತಿರ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿದೆ. ತಳ್ಳುಗಾಡಿಯವನು ಕಲ್ಲಂಗಡಿ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಉಳಿದ ನೀರನ್ನು ತನ್ನ ತಲೆಗೆ ಸುರಿದುಕೊಂಡಿದ್ದಾನೆ. ಈಗ ಹೇಳಿ, ಇದು ಬಿಸಿಗಾಳಿಯೋ ಅಲ್ಲವೋ?

ಅಲ್ಲ. ಆತುರಪಡಬಾರದು. ಭಾರತೀಯ ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯಲ್ಲಿ ಮೊದಲು 40 ಡಿಗ್ರಿ ಮುಟ್ಟಬೇಕು. ಮುಟ್ಟಿದರೆ ಸಾಲದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ಸೀದಾ 45ಕ್ಕೆ ಏರಬೇಕು. ಅದೂ ಒಂದೇ ಊರಲ್ಲಿ ಆದರೆ ಲೆಕ್ಕಕ್ಕಿಲ್ಲ. ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ ಹಾಗಿರಬೇಕು. ಎರಡನೇ ದಿನ ಘೋಷಣೆ. ಅಂದರೆ ಮೊದಲನೇ ದಿನವೇ ಬಿಸಿಲು ಬಡಿದು ಬಿದ್ದವನು ಸ್ವಲ್ಪ ಅವಸರ ಮಾಡಿದ ಅಂತ ಅರ್ಥ. ಒಂದು ದಿನ ತಡೆದಿದ್ದರೆ ದಾಖಲೆಗೆ ಸೇರುತ್ತಿದ್ದ.

ಇದರಲ್ಲಿ ನಿಜವಾದ ಕಿಲಾಡಿ ಅಂದರೆ ಆ ವಾಡಿಕೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ವಾಡಿಕೆ ಉಷ್ಣಾಂಶವೇ 40ರ ಆಸುಪಾಸು. ಅಲ್ಲಿಂದ ನಾಲ್ಕೂವರೆ ಮೇಲೇರುವ ತನಕ ಅಲ್ಲಿನವರ ಬಿಸಿಲು ಬರೀ ಬಿಸಿಲು. ಪ್ರತಿ ವರ್ಷ ಬೇಯುತ್ತೀರಿ, ಆದ್ದರಿಂದ ನಿಮಗದು ವಾಡಿಕೆ. ವಾಡಿಕೆ ಇದ್ದ ಮೇಲೆ ತೊಂದರೆ ಎಲ್ಲಿಂದ ಬಂತು? ವಿಜ್ಞಾನಿಗಳಿಗೆ ಒಂದು ಅಳತೆ ಬೇಕು, ಅದನ್ನು ಒಪ್ಪೋಣ. ಅವರು ಹವೆ ಅಳೆಯುವವರು, ಜನರ ಕಷ್ಟ ಅಳೆಯುವುದು ಅವರ ಕೆಲಸವಲ್ಲ. ಆದರೆ ಅವರ ಆ ಅಳತೆಪಟ್ಟಿಯನ್ನೇ ನಮ್ಮ ಕಚೇರಿಗಳು ತಲೆದಿಂಬು ಮಾಡಿಕೊಂಡು ಮಲಗಿವೆ.

ಅಳೆಯುವ ಜಾಗವನ್ನೂ ಒಮ್ಮೆ ನೋಡಿ. ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯಲ್ಲಿ. ನಾಲ್ಕೂ ಕಡೆ ಗಾಳಿಯಾಡಲು ಪಟ್ಟಿ ಪಟ್ಟಿಯ ಗೋಡೆ. ನೆಲದಿಂದ ಎತ್ತರದಲ್ಲಿ, ಬಯಲು ಜಾಗದಲ್ಲಿ, ಒಂದು ಹನಿ ಬಿಸಿಲೂ ಮೈಗೆ ತಾಗದಂತೆ. ಇಡೀ ಜಿಲ್ಲೆಯಲ್ಲಿ ಬೇಸಿಗೆಯುದ್ದಕ್ಕೂ ನೆರಳಲ್ಲೇ ಇರಬೇಕು ಅಂತ ನಿಯಮದಲ್ಲೇ ಬರೆಸಿಕೊಂಡು ಹುದ್ದೆಗೆ ಬಂದಿರುವುದು ಇದೊಂದೇ. ಅದು ನೆರಳಲ್ಲಿ ಕೂತು 43 ಅನ್ನುತ್ತದೆ. ಹೊರಗೆ ಡಾಂಬರಿನ ಮೇಲೆ ನಿಂತು ಜಲ್ಲಿ ಹರಡುವ ಹೆಂಗಸಿನ ಮೈಗೆ ಎಷ್ಟು ಅಂತ ಯಾರೂ ಕೇಳಿಲ್ಲ.

ಆ ಹುದ್ದೆಯ ಮೇಲೆ ಒಮ್ಮೆ ವಿಚಾರಣೆಯೂ ನಡೆದಿದೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶವೇ ಹೌಹಾರಿತು. ಕೂಡಲೇ ಪರಿಶೀಲನೆ ಶುರುವಾಯಿತು. ಕೆಲವೇ ದಿನಗಳಲ್ಲಿ ವರದಿಯೂ ಬಂತು: ಸಂವೇದಕ 3 ಡಿಗ್ರಿ ಜಾಸ್ತಿ ಹೇಳಿದೆ. ಸರಿಯಾದ ಕೆಲಸವೇ. ಬಿಸಿಲಿನ ವಿಷಯದಲ್ಲಿ ಇಷ್ಟು ಬೇಗ ವಿಚಾರಣೆ ಮುಗಿದು, ತಪ್ಪಿತಸ್ಥರು ಸಿಕ್ಕಿದ್ದು ನನಗೆ ನೆನಪಿರುವಂತೆ ಇದೊಂದೇ ಸಲ. 3 ಡಿಗ್ರಿ ಕಳೆದ ಮೇಲೂ ಸುಮಾರು 50 ಉಳಿಯುತ್ತದಲ್ಲ, ಅದರ ವಿಚಾರಣೆ ಯಾರು ಮಾಡಬೇಕು ಅಂತ ಮಾತ್ರ ವರದಿಯಲ್ಲಿ ಇರಲಿಲ್ಲ.

ಇನ್ನು ಪರಿಹಾರದ ಕಥೆ. ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರದ ಬಳಿ ಒಂದು ಪಟ್ಟಿ ಇದೆ. 2021ರಿಂದ 2026ರವರೆಗಿನ ಅವಧಿಯ ಲೆಕ್ಕಕ್ಕೆ ಅದರಲ್ಲಿ 12 ವಿಪತ್ತುಗಳು. ಬರ, ಪ್ರವಾಹ, ಭೂಕಂಪ, ಬೆಂಕಿ ಇವೆ. ಸುನಾಮಿ ಇದೆ. ಹಿಮಕುಸಿತ ಇದೆ. ಕೀಟಬಾಧೆ ಇದೆ. ಶೀತಗಾಳಿಯೂ ಇದೆ. ಬಿಸಿಗಾಳಿ ಇಲ್ಲ. 2015ರ ಒಂದೇ ಬೇಸಿಗೆಯಲ್ಲಿ, ಹೆಚ್ಚಾಗಿ ನಮ್ಮ ಪಕ್ಕದ ಆಂಧ್ರ, ತೆಲಂಗಾಣದಲ್ಲೇ, 2 ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಸತ್ತರು. ಆದರೂ ಪಟ್ಟಿ ಬೆವರಲಿಲ್ಲ. ಯಾದಗಿರಿಯಲ್ಲಿ ನಾಳೆ ಹಿಮ ಕುಸಿದು ಯಾರಾದರೂ ತೀರಿಕೊಂಡರೆ ಅವರ ಮನೆಯವರಿಗೆ 4 ಲಕ್ಷ ರೂಪಾಯಿ ಸಿಗಲು ಅಡ್ಡಿಯಿಲ್ಲ. ಹೊಲದಲ್ಲಿ ಬಿಸಿಲಿಗೆ ಬಿದ್ದರೆ ಕಾಗದಪತ್ರ ಸ್ವಲ್ಪ ಕಷ್ಟ. ರಾಜ್ಯಗಳು ಬೇಕಿದ್ದರೆ ಬಿಸಿಗಾಳಿಯನ್ನು ತಮ್ಮದೇ ವಿಪತ್ತು ಅಂತ ಘೋಷಿಸಿ, ತಮ್ಮ ನಿಧಿಯ ಶೇ. 10ರ ಮಿತಿಯೊಳಗೆ ಕೊಡಬಹುದು. ಒಡಿಶಾ ಹಾಗೆ ಮಾಡಿದೆ, ಕೇರಳ ಮಾಡಿದೆ. ಅಲ್ಲೂ ಸತ್ತದ್ದು ಬಿಸಿಲಿಗೇ ಅಂತ ರುಜುವಾತು ಬೇಕು. ಸಾಯುವಾಗ ಎದೆ ನಿಲ್ಲುವುದು ಹೇಗೂ ಇದ್ದದ್ದೇ. ಹಾಗಾಗಿ ಹೃದಯಾಘಾತ ಅಂತ ಬರೆದುಬಿಡುವುದು ಎಲ್ಲರಿಗೂ ಸುಲಭ.

ಹಣ ಇಲ್ಲದಿದ್ದರೇನು, ಸಲಹೆ ಧಾರಾಳವಾಗಿದೆ. ಮಾರ್ಚ್ ಬಂತೆಂದರೆ ಸಲಹೆಯ ಕರಪತ್ರ ಬರುತ್ತದೆ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ತೆಳು ಬಣ್ಣದ, ಸಡಿಲವಾದ ಹತ್ತಿ ಬಟ್ಟೆ ಹಾಕಿ. ಮಜ್ಜಿಗೆ, ನಿಂಬೆ ಪಾನಕ ಒಳ್ಳೆಯದು. ಟೀ, ಕಾಫಿ, ಮದ್ಯ ಬೇಡ. ವೈದ್ಯಕೀಯವಾಗಿ ಎಲ್ಲವೂ ನಿಜ, ಒಂದಕ್ಷರ ತೆಗೆಯುವ ಹಾಗಿಲ್ಲ. ಆದರೆ ನಲ್ಲಿ ನೀರಿಗೆ ಕೊಡ ಸಾಲಿಟ್ಟು ಕಾಯುವ ಓಣಿಯಲ್ಲಿ ಆ ಎರಡನೇ ಸಾಲು ಓದಿದರೆ ಏಟು ಬೀಳಬಹುದು. ತೆಳು ಬಣ್ಣದ ಬಟ್ಟೆಯ ಮಾತು ಖಾಕಿ ತೊಟ್ಟು ಸಿಗ್ನಲ್‌ನಲ್ಲಿ ನಿಂತವರಿಗೆ ಅನ್ವಯಿಸುವುದಿಲ್ಲ. ವಕೀಲರು ಕಪ್ಪು ಕೋಟು ಬಿಚ್ಚಲು ಬೇಸಿಗೆ ಬಂದಾಗಲೆಲ್ಲ ಮನವಿ ಬರೆಯುತ್ತಾರೆ. ಮದ್ಯ ಬೇಡ ಅನ್ನುವುದು ಆರೋಗ್ಯ ಇಲಾಖೆ. ಬೇಸಿಗೆಯ ಬಿಯರ್ ಮಾರಾಟ ನೋಡಿ ಗುರಿ ಮುಟ್ಟಿದೆವೋ ಇಲ್ಲವೋ ಅಂತ ಲೆಕ್ಕ ಹಾಕುವುದು ಅಬಕಾರಿ ಇಲಾಖೆ. ಎರಡೂ ಒಂದೇ ಸರ್ಕಾರದವು, ಮಧ್ಯೆ ಮಾತುಕತೆ ಇದ್ದಂತಿಲ್ಲ.

ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಒಳ್ಳೆಯ ಉದ್ದೇಶ, ನನಗೇನೂ ತಕರಾರಿಲ್ಲ. ಆದರೆ ಕರಪತ್ರದ ಪಕ್ಕ ಈ ಆದೇಶ ಇಟ್ಟು ಓದಿ. 12ರಿಂದ 3ರವರೆಗೆ ಹೊರಗೆ ಕಾಲಿಡಬೇಡಿ ಅನ್ನುತ್ತದೆ ಒಂದು ಕಾಗದ. ಸರಿಯಾಗಿ ಒಂದೂವರೆಗೆ ಎಲ್ಲರನ್ನೂ ಹೊರಗೆ ಕಳಿಸುತ್ತದೆ ಇನ್ನೊಂದು ಕಾಗದ. ನೌಕರರಿಗಾದರೂ ಗಾಡಿ ಇದೆ, ಮನೆ ಹತ್ತಿರ ಇದೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂತ ಆಳಂದದ ಕಡೆಯ ಹಳ್ಳಿಯಿಂದ ಬಂದ ಮುದುಕನ ಪಾಡು ಬೇರೆ. ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಹತ್ತೂವರೆ. ಸರ್ವರ್ ಬರುವಷ್ಟರಲ್ಲಿ ಹನ್ನೆರಡು. ಸಾಹೇಬರ ಬಾಗಿಲಿಗೆ ಹೋಗುವಷ್ಟರಲ್ಲಿ ಜವಾನನ ಕೈಯಲ್ಲಿ ಬೀಗ.

"ಟೈಮ್ ಆತು ಕಾಕಾ, ನಾಳಿ ಮುಂಜಾನಿ ಬರ್ರಿ."

"ಈಗ ಈ ಬಿಸಿಲಾಗ ಎಲ್ಲಿ ಹೋಗ್ಲೋ ತಮ್ಮಾ?"

"ಬಿಸಿಲ ಅದ ಅಂತೇ ಬಂದ್ ಮಾಡೋದ್ರಿ."

ಊರಿನಲ್ಲಿ ದಪ್ಪ ಗೋಡೆ, ಎತ್ತರದ ಸೂರು, ಕೂಲರ್, ಕುಡಿಯುವ ನೀರು, ನಾಲ್ಕು ಬೆಂಚು ಎಲ್ಲ ಒಟ್ಟಿಗೇ ಇರುವ ಕಟ್ಟಡ ಅಂದರೆ ಸರ್ಕಾರಿ ಕಚೇರಿ. ದಿನದ ಅತಿ ಕೆಟ್ಟ ಹೊತ್ತಿಗೆ ಅದಕ್ಕೇ ಬೀಗ. ಅಲ್ಲಿ ತಣ್ಣಗೆ ಉಳಿಯುವುದು ಕಡತಗಳು ಮಾತ್ರ. ಆ ನಾಲ್ಕು ಬೆಂಚನ್ನು ಸಂಜೆಯ ತನಕ ಜನರಿಗೆ ಬಿಟ್ಟುಕೊಡಿ ಅಂತ ಆದೇಶಕ್ಕೆ ಒಂದು ಸಾಲು ಸೇರಿಸಲು ಎಷ್ಟು ಖರ್ಚು? ಅಂಥ ಸಾಲಿಗೆ ಟೆಂಡರ್ ಕರೆಯಲು ಬರುವುದಿಲ್ಲ, ಅದೇ ಅದರ ದೋಷ ಇರಬೇಕು.

ಟೆಂಡರ್ ಕರೆಯಬಹುದಾದ ನೆರಳು ಬೇಕಾದಷ್ಟಿದೆ. ರಸ್ತೆ ಅಗಲ ಮಾಡಲು ಬೇವು, ಹುಣಸೆ ಮರ ಕಡಿಯುತ್ತಾರೆ. ಆಮೇಲೆ ಅದೇ ಸಿಗ್ನಲ್‌ನಲ್ಲಿ ಬೈಕಿನವರಿಗೆ ನೆರಳಾಗಲಿ ಅಂತ ಕಂಬ ನೆಟ್ಟು ಹಸಿರು ಬಲೆ ಕಟ್ಟುತ್ತಾರೆ. ಹಸಿರೂ ಆಯಿತು, ನೆರಳೂ ಆಯಿತು, ಬಿಲ್ಲೂ ಆಯಿತು. ಎರಡು ಗಾಳಿ ಬೀಸಿದರೆ ಬಲೆ ಹರಿಯುತ್ತದೆ. ಮರುವರ್ಷ ಹೊಸದು. ಬೇವಿನ ಮರ ಹೀಗೆ ವರ್ಷಕ್ಕೊಮ್ಮೆ ಹರಿಯುತ್ತಿರಲಿಲ್ಲ, ಅದರಿಂದ ಯಾರಿಗೇನು ಲಾಭ ಹೇಳಿ.

ಅರವಟಿಗೆಯದೂ ಅದೇ ಹಾಡು. ಮೊದಲು ಯಾರೋ ಪುಣ್ಯಾತ್ಮರು ಹೆಸರಿಲ್ಲದೆ ಎರಡು ಮಣ್ಣಿನ ಮಡಕೆ ಇಟ್ಟು, ಮರಳು ಹಾಸಿ, ಒದ್ದೆ ಬಟ್ಟೆ ಸುತ್ತುತ್ತಿದ್ದರು. ಈಗ ಅದಕ್ಕೆ ಉದ್ಘಾಟನೆ ಬೇಕು. ಹನ್ನೆರಡು ಅಡಿ ಫ್ಲೆಕ್ಸಿನಲ್ಲಿ ನಾಯಕರು, ಅವರ ಮಗ, ಮಗನ ಗೆಳೆಯರು, ಕೆಳಗೆ ಮೂಲೆಯಲ್ಲಿ ಒಂದು ಲೋಟದ ಚಿತ್ರ. ಮೊದಲ ದಿನ ಮಜ್ಜಿಗೆ, ಎರಡನೇ ದಿನ ನೀರು, ಮೂರನೇ ದಿನ ಮಡಕೆಯೇ ಮಾಯ. ಫ್ಲೆಕ್ಸ್ ಮಾತ್ರ ಮಳೆಗಾಲದವರೆಗೂ ಇರುತ್ತದೆ. ಸತ್ಯ ಹೇಳಬೇಕೆಂದರೆ ಅದರ ಹಿಂಬದಿ ಒಳ್ಳೆಯ ನೆರಳು ಬೀಳುತ್ತದೆ. ಎಷ್ಟೋ ನಾಯಕರಿಂದ ಜನರಿಗೆ ನೇರವಾಗಿ ತಲುಪಿದ ಏಕೈಕ ಸೌಲಭ್ಯ ಅದು.

ಇದಕ್ಕೆ ಮದ್ದೇ ಇಲ್ಲ ಅಂತಲ್ಲ. ಅಹಮದಾಬಾದ್ 2010ರ ಬೇಸಿಗೆಯಲ್ಲಿ ಪೆಟ್ಟು ತಿಂದು, 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ಮುಂಚಿತವಾಗಿ ಎಚ್ಚರಿಕೆ, ಆಸ್ಪತ್ರೆಗಳಿಗೆ ತಯಾರಿ, ಆಮೇಲಾಮೇಲೆ ಬಡವರ ಮನೆಯ ಮಾಳಿಗೆಗೆ ಸುಣ್ಣ. ಸುಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಳಗೆ ಸೆಕೆ ಕಡಿಮೆ. ಕಲಬುರಗಿ ಸೀಮೆಯ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರ ಕಾಲದ ಮನೆಗಳಿಗೆ ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದಿ ಫರ್ಸಿ. ಅದನ್ನು ಕೆಡವಿಸಿ ತಗಡು ಹೊದಿಸಿದ್ದನ್ನು ನಾವು ಅಭಿವೃದ್ಧಿ ಅಂತ ಕರೆದೆವು. ಈಗ ಆ ತಗಡಿನ ಕೆಳಗೆ ಕೂತವರಿಗೆ ಕರಪತ್ರ ಹಂಚುತ್ತೇವೆ. ಬೀಸಿಕೊಳ್ಳಲು ಪರವಾಗಿಲ್ಲ, ಕಾಗದ ದಪ್ಪಗಿದೆ.

ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬಾರದು, ಅವರ ಕಷ್ಟವೂ ಕಷ್ಟವೇ. 2024ರ ಏಪ್ರಿಲ್ 28ರಂದು ಅಲ್ಲಿ 38.5 ಡಿಗ್ರಿ ಆದಾಗ ಟಿವಿಯಲ್ಲಿ ಆ ದಿನ ಬೇರೆ ಸುದ್ದಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ರಾಯಚೂರಿನವರು 40 ದಾಟಿ ಎಷ್ಟು ದಿನ ಆಯಿತು ಅಂತ ಎಣಿಸುವುದನ್ನೂ ಬಿಟ್ಟಿದ್ದರು. ಬೆಂಗಳೂರಿನ ಎಸಿ ತಿರುಗಲು ಕರೆಂಟು ಬೇಕಲ್ವಾ? ಅದು ಬರುವ ಜಾಗಗಳಲ್ಲಿ ರಾಯಚೂರಿನ ಶಕ್ತಿನಗರ ಒಂದು, 1720 ಮೆಗಾವ್ಯಾಟ್. ಅಲ್ಲೇ ಪಕ್ಕದ ಯರಮರಸ್, 1600. ಬಳ್ಳಾರಿಯ ಕುಡತಿನಿ, 1700. ರಾಜ್ಯದ ಅತಿ ಬಿಸಿ ಜಿಲ್ಲೆಗಳನ್ನೇ ಹುಡುಕಿ ಕಲ್ಲಿದ್ದಲಿನ ಒಲೆ ಹೂಡಿದ್ದೇವೆ. ರಾಯಚೂರು ಬೆಂದು ಬೆಂಗಳೂರಿಗೆ ತಂಪು ಕಳಿಸುತ್ತದೆ. ಬೂದಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳುತ್ತದೆ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಗೊತ್ತಿದೆ, ಚೆನ್ನಾಗಿ ಗೊತ್ತಿದೆ. ಅದಕ್ಕೇ ಸಚಿವ ಸಂಪುಟ ಕಲಬುರಗಿಗೆ ಹೋಗಿ ಸಭೆ ಮಾಡಿದ್ದು 2024ರ ಸೆಪ್ಟೆಂಬರ್ 17ಕ್ಕೆ. 2025ರ ಏಪ್ರಿಲ್‌ನಲ್ಲಿ ಸಂಪುಟ ಸೇರಿದ್ದು ಮಲೆ ಮಹದೇಶ್ವರ ಬೆಟ್ಟದ ಮೇಲೆ. ಜುಲೈನಲ್ಲಿ ನಂದಿ ಬೆಟ್ಟದ ಮೇಲೆ. ಪಂಚಾಂಗವನ್ನು ಇಷ್ಟು ಚೆನ್ನಾಗಿ ಓದುವ ಸರ್ಕಾರಕ್ಕೆ ಬೇಸಿಗೆ ಯಾವಾಗ ಬರುತ್ತದೆ ಅಂತ ತಿಳಿಯದೆ ಇರುತ್ತದೆಯೇ?

ಆದ್ದರಿಂದ ಒಂದು ಸಣ್ಣ ಬೇಡಿಕೆ. ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಹೋಗುವ ಪದ್ಧತಿ ಇದೆಯಲ್ಲ, ಹಾಗೇ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಒಂದು ಬೇಸಿಗೆ ಅಧಿವೇಶನ ಇಡಿ. ಹೊಸ ಸೌಧ ಬೇಡ, ಎನ್‌.ವಿ. ಮೈದಾನದಲ್ಲಿ ತಗಡಿನ ಚಪ್ಪರ ಸಾಕು. ಜನಸಾಮಾನ್ಯರ ಮನೆಗೂ ಅದೇ ತಾನೇ ಹೊದಿಕೆ. ಕೂಲರ್ ಸಭಾಧ್ಯಕ್ಷರಿಗೆ ಒಂದು ಇರಲಿ, ಗದ್ದಲ ತಡೆಯಲು ತಲೆ ತಣ್ಣಗಿರಬೇಕು. ಪ್ರಶ್ನೋತ್ತರದ ಹೊತ್ತಿಗೆ ನೀರಿನ ಟ್ಯಾಂಕರ್ ಬರುತ್ತದೆ, ಸದಸ್ಯರು ಪಕ್ಷಭೇದ ಮರೆತು ಕೊಡ ಹಿಡಿದು ಸಾಲು ನಿಲ್ಲಬೇಕು. ಮೊದಲ ದಿನವೇ ಯಾರಾದರೂ ತಲೆ ಸುತ್ತಿ ಬಿದ್ದರೆ ಗಾಬರಿ ಬೇಡ, ಘೋಷಣೆ ಎರಡನೇ ದಿನ. ಊಟವಾದ ಮೇಲೆ ಶಾಸಕರು ಒರಗಲು ರಿಕ್ಲೈನರ್ ಕುರ್ಚಿ ಬಾಡಿಗೆಗೆ ತರಿಸುವ ಮಾತು 2025ರ ಫೆಬ್ರವರಿಯಲ್ಲಿ ಬಂದಿತ್ತು. ಅವನ್ನೂ ಲಾರಿಯಲ್ಲಿ ಕಳಿಸಿ. 43 ಡಿಗ್ರಿಯಲ್ಲಿ ರೆಕ್ಸಿನ್ ಮೇಲೆ ಒರಗಿದ ಮೈ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅದು ನಿಜ. ಚಿಂತೆ ಬೇಡ. ಶಾಸಕರನ್ನು ಕೈಕಾಲು ಹಿಡಿದು ಎತ್ತುವ ಅಭ್ಯಾಸ ನಮ್ಮ ಮಾರ್ಷಲ್‌ಗಳಿಗೆ ಚೆನ್ನಾಗಿಯೇ ಇದೆ.