ಉಪ್ಪು-ವಿನೆಗರ್‌ಗೆ ಲಾನ್‌ನ ಕಳೆ ಸಾಯುತ್ತಾ?

ಉಪ್ಪು, ವಿನೆಗರ್, ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ ಹೊಡೆದರೆ ಲಾನ್‌ನ ಕಳೆ ಬೇರುಸಮೇತ ಸಾಯುತ್ತೆ ಅನ್ನುವ ಮೆಸೇಜು ಕೋಲಾರದ ಕಡೆ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳೆನಾಶಕ ಬೇಡ ಅನ್ನೋ ಕಾಳಜಿ ಒಳ್ಳೆಯದೇ. ದಾರಿ ಮಾತ್ರ ತಪ್ಪು.

ಅಡುಗೆಮನೆ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ಸುಮಾರು 5%. ಅದು ತಾಗಿದ ಎಲೆಯನ್ನು ಸುಡುತ್ತದೆ, ಕಳೆಯೋ ಹುಲ್ಲೋ ಅಂತ ನೋಡುವುದಿಲ್ಲ. ಬೇರು ಹಾಗೇ ಇರುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಮಳೆ ಕಡಿಮೆ ಇರುವ ನಮ್ಮ ಕಡೆ ಅದು ಬೇಗ ತೊಳೆದುಹೋಗದೆ ಮಣ್ಣಲ್ಲೇ ಕೂರುತ್ತದೆ. ಆಮೇಲೆ ಅಲ್ಲಿ ಹುಲ್ಲೂ ಸರಿಯಾಗಿ ಏಳಲ್ಲ.

ನೀವೇ ನೋಡಬಹುದು. ಮೂಲೆಯ ಒಂದು ಜೇಕಿಗೆ (ನೆಲದೊಳಗೆ ಗಡ್ಡೆ ಬಿಡುವ, ಹುಲ್ಲಿನಂತೆ ಕಾಣುವ ಕಳೆ) ಬರೀ ವಿನೆಗರ್ ಹೊಡೆದು ಮೂರು ವಾರ ಬಿಡಿ. ಎಲೆ ಒಣಗುತ್ತದೆ, ಪಕ್ಕದಲ್ಲೇ ಹೊಸ ಚಿಗುರು ಬರುತ್ತದೆ. ಅಗೆದರೆ ಕಂದು ಗಡ್ಡೆ, ಅದರಿಂದ ದಾರದಂತೆ ಹೊರಟು ಇನ್ನೊಂದು ಗಡ್ಡೆ. ಫಾರ್ವರ್ಡ್ ಆದ ಫೋಟೊ ಎಷ್ಟನೇ ದಿನದ್ದು ಅಂತಲೂ ಕೇಳಿ. ಮಾರನೇ ದಿನ ಎಲ್ಲಾ ಕಳೆಯೂ ಸತ್ತಂತೆಯೇ ಕಾಣುತ್ತೆ, ಅಲ್ವಾ?

ಮಳೆ ಬಿದ್ದ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಕೈಗುದ್ದಲಿಯಿಂದ ಗಡ್ಡೆಸಮೇತ ತೆಗೆಯಿರಿ. ಒಂದೇ ಸಲಕ್ಕೆ ಮುಗಿಯಲ್ಲ. ಹುಲ್ಲನ್ನು ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ದಟ್ಟವಾಗಿ ಬೆಳೆದ ಹುಲ್ಲಿನ ನೆರಳಲ್ಲಿ ಕಳೆಬೀಜ ಮೊಳೆಯುವುದೇ ಕಷ್ಟ.