ನಡುಮನೆಯಲ್ಲಿ ಭತ್ತ

ಇಟಲಿಯ ಸಿಸಿಲಿ ದ್ವೀಪದಲ್ಲಿ ಸಾಂಬೂಕಾ ಎಂಬ ಊರಿದೆ. ಜನ ಊರು ಬಿಟ್ಟು ಹೋಗಿ ಮನೆಗಳು ಪಾಳುಬಿದ್ದವೆಂದು ಅಲ್ಲಿನ ಪುರಸಭೆ 2019ರಲ್ಲಿ ಅವನ್ನು ಒಂದು ಯೂರೋ ಆರಂಭಿಕ ಬೆಲೆಗೆ ಮಾರಾಟಕ್ಕಿಟ್ಟಿತು. ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಅದು ಇವತ್ತಿಗೂ ತಾಜಾ ಸುದ್ದಿ. ಠೇವಣಿ ಇಡಬೇಕು, ಮೂರು ವರ್ಷದೊಳಗೆ ಕೈಯಿಂದ ಖರ್ಚು ಮಾಡಿ ದುರಸ್ತಿ ಮುಗಿಸಬೇಕು ಎಂಬ ಷರತ್ತುಗಳು ಮಾತ್ರ ಗುಂಪಿನಿಂದ ಗುಂಪಿಗೆ ದಾಟುವಾಗ ಎಲ್ಲೋ ಉದುರಿಹೋಗಿವೆ. ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹಾಳುಮನೆಗೆ ನಮ್ಮಲ್ಲೇನು ಬರವೇ?

ಖಂಡಿತ ಇಲ್ಲ. ಕರ್ನಾಟಕದಲ್ಲಿ ಸೋರುವ ಮನೆ ಎಷ್ಟು ಬೇಕಾದರೂ ಸಿಗುತ್ತದೆ. ಆ ಮನೆ ಯಾವ ಊರಿನಲ್ಲಿದೆ, ಮತ್ತು ನಿಜಕ್ಕೂ ಇದೆಯೇ ಎಂಬ ಎರಡು ಸಣ್ಣ ಸಂಗತಿಗಳನ್ನು ಸರ್ಕಾರದಿಂದ ಖಚಿತಪಡಿಸಿಕೊಂಡರೆ ಆಯಿತು.

ಊರಿನ ವಿಚಾರ ಮೊದಲು ನೋಡೋಣ. ಫ್ಲ್ಯಾಟಿನ ನಿರ್ವಹಣಾ ಶುಲ್ಕ ಕಟ್ಟಿ ಸುಸ್ತಾದ ನಿವೃತ್ತ ದಂಪತಿ ಬೆಂಗಳೂರು ಬಿಡಬೇಕೆಂದು ನಿಶ್ಚಯಿಸಿ ಮಾಗಡಿಯ ಕಡೆ ಒಂದು ನಾಡಹೆಂಚಿನ ಮನೆ ನೋಡಿದರು ಎಂದಿಟ್ಟುಕೊಳ್ಳಿ. ಮಣ್ಣಿನ ಗೋಡೆ, ಚಿಲಕ ಕಿತ್ತುಹೋದ ಹಿತ್ತಲ ಬಾಗಿಲು, ಬಾವಿಯಲ್ಲಿ ನೀರಿಗಿಂತ ಹೆಚ್ಚು ಅರಳಿ ಗಿಡ. ಬೆಲೆ ಕೈಗೆಟಕುವಂತಿತ್ತು. ಮನೆಯಲ್ಲಿ ಇನ್ನೂ ಸಮಾಲೋಚನೆ ನಡೆಯುತ್ತಿರುವಾಗಲೇ, 2025ರಲ್ಲಿ, ರಾಮನಗರ ಜಿಲ್ಲೆ 'ಬೆಂಗಳೂರು ದಕ್ಷಿಣ ಜಿಲ್ಲೆ'ಯಾಯಿತು. ಒಂದು ಹೆಂಚೂ ಅಲುಗದೆ ಆ ಮನೆ ರಾಜಧಾನಿಗೆ ಬಂದಿಳಿಯಿತು. ಸೋರುವುದು ನಿಲ್ಲಲಿಲ್ಲ, ಆದರೆ ಈಗ ಅದು ಬೆಂಗಳೂರಿನ ಸೋರಿಕೆ. ಮಾಲೀಕರು ಬೆಲೆಯನ್ನೂ ಬೆಂಗಳೂರಿನದೇ ಹೇಳಿದರು.

ಇಲ್ಲಿ ಸ್ವಲ್ಪ ನಿಂತು ನಮ್ಮ ಭೂಗೋಳವನ್ನು ಸವಿಯಬೇಕು. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಮೊದಲಿನಿಂದಲೂ ಇದೆ. ಅದು ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿಲ್ಲ, ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರವಿದೆ. ಅದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿಲ್ಲ, ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಆ ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಾದರೂ ಗ್ರಾಮಾಂತರ ಜಿಲ್ಲೆ ಇದೆಯೇ ಎಂದರೆ, ಆ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಊರುಗಳು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ ಮತ ಹಾಕುತ್ತವೆ. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯನ್ನು ಐದು ಹೋಳು ಮಾಡಿದಾಗ ದಕ್ಷಿಣ ನಗರ ಪಾಲಿಕೆ ಎಂಬ ಮತ್ತೊಂದು ದಕ್ಷಿಣ ಹುಟ್ಟಿತು. ಅದಕ್ಕೂ ಮೊದಲು, ಜುಲೈನಲ್ಲಿ, ನಂದಿ ಬೆಟ್ಟದ ಮೇಲೆ ಕೂತ ಸಚಿವ ಸಂಪುಟ ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಒಪ್ಪಿತ್ತು. ಗ್ರಾಮಾಂತರ ಎನ್ನುವ ಪದ ಇದ್ದಷ್ಟು ದಿನ ನಿವೇಶನಕ್ಕೆ ಬೆಲೆ ಬರುವುದಿಲ್ಲವಲ್ಲ.

ಹೀಗಿರುವಾಗ ಬೆಂಗಳೂರು ಬಿಟ್ಟು ಹೋಗುವುದು ಸುಲಭದ ಮಾತಲ್ಲ. ನೀವು ಲಾರಿಗೆ ಸಾಮಾನು ತುಂಬಿಸಿ ಹೊರಟರೆ ಅದು ಗೆಜೆಟ್ ಹಿಡಿದುಕೊಂಡು ಹಿಂದಿನಿಂದಲೇ ಬರುತ್ತದೆ. ಮೈಸೂರಿನ ಕಡೆ ತಿರುಗಿದರೆ 118 ಕಿಲೋಮೀಟರ್ ಹೆದ್ದಾರಿ 2023ರಿಂದ ನಿಮ್ಮ ಜೊತೆಗೇ ಓಡುತ್ತದೆ. ಅಲ್ಲಿನ ದಲ್ಲಾಳಿಗಳು ದೂರವನ್ನು ನಿಮಿಷದಲ್ಲಿ ಅಳೆಯುವುದನ್ನು ಬಹಳ ಬೇಗ ಕಲಿತುಕೊಂಡಿದ್ದಾರೆ.

ಆದ್ದರಿಂದ ಬುದ್ಧಿವಂತರು ಘಟ್ಟದ ಕಡೆಗೆ ಹೋಗುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದಾದ ಮೇಲೆ ನಗರದವರಿಗೆ ಅಜ್ಜನ ಊರು ಇದ್ದಕ್ಕಿದ್ದಂತೆ ನೆನಪಾಗತೊಡಗಿತು. ಅಜ್ಜ ಬಯಲುಸೀಮೆಯವನಾಗಿದ್ದರೂ ನೆನಪಾಗುವುದು ಮಾತ್ರ ತೀರ್ಥಹಳ್ಳಿ, ಸಾಗರ, ಕೊಪ್ಪಗಳ ತೊಟ್ಟಿಮನೆಯೇ.

ತೋರಿಸುವ ದಲ್ಲಾಳಿಯ ಕಲೆಯನ್ನು ನೋಡಿಯೇ ತಿಳಿಯಬೇಕು. ಜಗುಲಿ ಹತ್ತುತ್ತಲೇ ಬಲಗಡೆಯ ಕಂಬವನ್ನು ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿಯುತ್ತಾರೆ. "ನೋಡಿ ಸರ್, ಹಲಸು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ." ಎಡಗಡೆಯ ಕಂಬಕ್ಕೆ ಅವರೇ ಒರಗಿ ನಿಂತುಬಿಡುತ್ತಾರೆ. ಅದನ್ನು ಬಡಿದರೆ ಗೆದ್ದಲು ಎದ್ದು ಬಂದು ಉತ್ತರ ಕೊಡುತ್ತದೆ. ಮೇಲೆ ನೋಡಿದರೆ ಎರಡು ಪಕಾಸಿಗಳ ನಡುವೆ ಒಂದು ಗೇಣಿನಷ್ಟು ಆಕಾಶ. ಕೆಳಗೆ ಒಂದು ಬಣ್ಣದ ಡಬ್ಬ, ಅದರಲ್ಲಿ ಹೋದ ಮಳೆಗಾಲದ ನೀರು. "ಹೆಂಚು ಒಂದು ಸಲ ಕೈಯಾಡಿಸಿದರೆ ಸಾಕು" ಎನ್ನುತ್ತಾರೆ. ಕೈಯಾಡಿಸುವವರು ಯಾರು ಎಂದು ಕೇಳಬಾರದು. ಅವರೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ.

ಕೊಳ್ಳುವವರ ಕಣ್ಣಿಗೆ ಆಕಾಶ ಬೀಳುವುದಿಲ್ಲ. ಅವರು ನೆಲ ನೋಡುತ್ತಾರೆ. ನೆಲ ಕೆಂಪಾಗಿರಬೇಕು, ಕನ್ನಡಿಯ ಹಾಗೆ ಹೊಳೆಯಬೇಕು. ದುರದೃಷ್ಟವಶಾತ್ ಮನೆಯ ಹಿರಿಮಗ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೆಂಪು ನೆಲವನ್ನೆಲ್ಲ ಅಗೆಸಿ ಬಿಳಿ ಟೈಲ್ಸ್ ಹಾಕಿಸಿದ್ದಾನೆ. ಪಟ್ಟಣದ ಮನೆಯ ಹಾಗೆ ಕಾಣಲಿ ಎಂದು ಪಾಪ ಸಾಲ ಮಾಡಿ ಹಾಕಿಸಿದ್ದು. ಪಟ್ಟಣದಿಂದ ಬಂದವರು ಈಗ ಅದನ್ನು ಕಂಡು ಮುಖ ಸಿಂಡರಿಸುತ್ತಾರೆ. ಟೈಲ್ಸ್ ಕೀಳಿಸಿ ಮತ್ತೆ ರೆಡ್ ಆಕ್ಸೈಡ್ ಹಾಕಿಸಲು ಬೆಂಗಳೂರಿನಿಂದ ವಾಸ್ತುಶಿಲ್ಪಿಯನ್ನು ಕರೆಸುತ್ತಾರೆ. ಆ ಕೆಲಸ ಗೊತ್ತಿದ್ದ ಮುದುಕ ಮೇಸ್ತ್ರಿಯ ಮನೆ ಪಕ್ಕದ ಬೀದಿಯಲ್ಲೇ ಇತ್ತು ಎಂಬುದು ಬಿಲ್ಲು ಬಂದ ಮೇಲೆ ತಿಳಿಯುತ್ತದೆ.

ಇನ್ನು ಎರಡನೆಯ ಸಂಗತಿ. ಆ ಮನೆ ಇದೆಯೇ?

ಮಲೆನಾಡಿನ ಒಂಟಿಮನೆ ಹೆಚ್ಚಾಗಿ ತೋಟ-ಗದ್ದೆಗಳ ನಡುವೆ, ಪರಿವರ್ತನೆಯಾಗದ ಕೃಷಿ ಭೂಮಿಯಲ್ಲಿ ನಿಂತಿರುತ್ತದೆ. ಅಂಥದೊಂದು ಮನೆಯ ಪಹಣಿ ತೆಗೆಸಿ ನೋಡಿ. ಸರ್ವೆ ನಂಬರ್ ಸರಿಯಿದೆ, ಎಕರೆ-ಗುಂಟೆ ಸರಿಯಿದೆ, ಬೆಳೆಯ ಕಾಲಮಿನಲ್ಲಿ ಭತ್ತ ಎಂದಿದೆ. ಮನೆಯ ಸುದ್ದಿಯೇ ಇಲ್ಲ. ನಾಲ್ಕು ತಲೆಮಾರು ಹುಟ್ಟಿ ಬೆಳೆದು ಮದುವೆಯಾದ ನಡುಮನೆಯಲ್ಲಿ ಕಂದಾಯ ಇಲಾಖೆಯ ಪ್ರಕಾರ ವರ್ಷ ವರ್ಷವೂ ಭತ್ತ ತೂಗುತ್ತಿದೆ. ದೇವರ ಕೋಣೆಯಲ್ಲಿ ಬಹುಶಃ ಸಸಿಮಡಿ.

ಇದು ಮನೆಯೋ ಗದ್ದೆಯೋ ಎಂಬ ಬಗ್ಗೆ ಸರ್ಕಾರದಲ್ಲಿಯೇ ಒಮ್ಮತವಿಲ್ಲ. ಗ್ರಾಮ ಪಂಚಾಯಿತಿ ಆ ಭತ್ತದಿಂದ ಮನೆ ಕಂದಾಯ ವಸೂಲು ಮಾಡಿ ರಸೀದಿ ಕೊಟ್ಟಿದೆ. ವಿದ್ಯುತ್ ಕಂಪನಿ ಅದಕ್ಕೆ ಮೀಟರ್ ಕೂರಿಸಿ ಪ್ರತಿ ತಿಂಗಳೂ ಬಿಲ್ಲು ಕೊಡುತ್ತದೆ. ಮತಗಟ್ಟೆಯ ಪಟ್ಟಿಯಲ್ಲಿ ಆ ಭತ್ತಕ್ಕೆ ಮನೆ ಸಂಖ್ಯೆಯೂ ಇದೆ, ಆರು ಮತಗಳೂ ಇವೆ. ಮಾರಲು ಹೊರಟಾಗ ಮಾತ್ರ ಅದು ಮತ್ತೆ ಗದ್ದೆ. ಪಂಚಾಯಿತಿ ಆಸ್ತಿಗಳ ಲೆಕ್ಕವಿಡುವ ಇ-ಸ್ವತ್ತಿನಲ್ಲಿ ಮನೆಯ ದಾಖಲೆಯಾದ ನಮೂನೆ 9 ಕೇಳಿದರೆ ಭೂಪರಿವರ್ತನೆಯ ಆದೇಶ ತನ್ನಿ ಎನ್ನುತ್ತಾರೆ. ಪರಿವರ್ತನೆಗೆ ಅರ್ಜಿ ಹಾಕಿದರೆ ಏನು ಕಟ್ಟುತ್ತೀರಿ ಎಂದು ಕೇಳುತ್ತಾರೆ. ಕಟ್ಟಿ ನೂರು ವರ್ಷವಾಗಿದೆ ಸ್ವಾಮಿ ಎಂದರೆ, ಅನುಮತಿಯಿಲ್ಲದೆ ಹೇಗೆ ಕಟ್ಟಿದಿರಿ ಎಂದು ಗುಮಾಸ್ತರು ಕನ್ನಡಕ ಏರಿಸುತ್ತಾರೆ. ಬ್ಯಾಂಕಿನವರು ಇನ್ನೂ ವಿನಯವಂತರು. ಭತ್ತಕ್ಕಾದರೆ ಬೆಳೆಸಾಲ ಕೊಡಬಹುದು, ಗೃಹಸಾಲ ಬರುವುದಿಲ್ಲ ಎಂದು ಕುರ್ಚಿ ಕೊಟ್ಟು ಕೂರಿಸಿ ಹೇಳುತ್ತಾರೆ.

ಊರೊಳಗಿನ ಮನೆಗಳ ಕತೆ ಬೇರೆ. ಗ್ರಾಮಠಾಣಗಳ ಮೇಲೆ ಡ್ರೋನ್ ಹಾರಿಸಿ ಆಸ್ತಿ ಕಾರ್ಡ್ ಕೊಡುವ ಸ್ವಾಮಿತ್ವ ಯೋಜನೆ 2020ರಿಂದಲೇ ಇದೆ. ಮೇಲಿನಿಂದ ನೋಡಿದರೆ ಎಲ್ಲ ಚಾವಣಿಗಳೂ ನೆಮ್ಮದಿಯಾಗಿಯೇ ಕಾಣುತ್ತವೆ. ಒಂದೇ ಚಾವಣಿಯ ಕೆಳಗೆ ನಡುವೆ ಗೋಡೆ ಎಬ್ಬಿಸಿಕೊಂಡು, ಎರಡು ಒಲೆ ಹೂಡಿಕೊಂಡು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕಾಣುವ ಡ್ರೋನ್ ಇನ್ನೂ ಬಂದಿಲ್ಲ.

ವಂಶವೃಕ್ಷ ಮಾಡಿಸಿದ ದಿನ ಅದು ಗೊತ್ತಾಗುತ್ತದೆ. ದಲ್ಲಾಳಿ 'ಇಬ್ಬರ ಸಹಿ ಅಷ್ಟೇ' ಎಂದಿದ್ದ ಜಾಗದಲ್ಲಿ ಗ್ರಾಮ ಆಡಳಿತಾಧಿಕಾರಿಯ ಹಾಳೆಯಲ್ಲಿ ಕೊಂಬೆ ರೆಂಬೆಗಳು ಹಿಂಬದಿಗೂ ಹಬ್ಬಿರುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ತಡವಾಗಿ ಬಂದ ನ್ಯಾಯ. ಆದರೆ ಅರಿಶಿನ ಕುಂಕುಮಕ್ಕೂ ಕರೆಯದೆ ಬಿಟ್ಟ ಅಕ್ಕನಿಗೆ ಸಹಿಯ ದಿನ ಫೋನು ಮಾಡಿದರೆ ಅವರು "ಯಾರು ಮಾತಾಡುವುದು?" ಎಂದು ಕೇಳದೆ ಇನ್ನೇನು ಮಾಡುತ್ತಾರೆ? ಒಬ್ಬರು ಶಿವಮೊಗ್ಗದಲ್ಲಿ, ಮೂವರು ಬೆಂಗಳೂರಿನಲ್ಲಿ, ಒಬ್ಬರು ಟೆಕ್ಸಾಸಿನಲ್ಲಿ. ಟೆಕ್ಸಾಸಿನವರಿಗೆ ಹಣ ಬೇಡ, ನಡುಮನೆಯ ತೂಗುಮಣೆ ಬೇಕು. ಅದನ್ನು ಕಿತ್ತರೆ ತೊಲೆ ಬರುತ್ತದೆ, ತೊಲೆ ಬಂದರೆ ಮಾಡು ಬರುತ್ತದೆ. ಈ ನಡುವೆ ಹಳೆಯ ಮರದ ವ್ಯಾಪಾರಿಯೊಬ್ಬ ಬಂದು, ಮನೆಯನ್ನು ಬಿಚ್ಚಿ ಕೊಟ್ಟರೆ ಇಡೀ ಮನೆಗಿಂತ ಹೆಚ್ಚು ಕೊಡುತ್ತೇನೆ ಎಂದು ಹೇಳಿ ಹೋಗಿರುತ್ತಾನೆ. ಕಂಬಗಳಿಗೆ ಪಹಣಿ ಬೇಕಿಲ್ಲ. ಅವು ನೇರವಾಗಿ ಯಾವುದೋ ರೆಸಾರ್ಟಿನ ಸ್ವಾಗತಕಕ್ಷೆಗೆ ಹೋಗಿ, ಮಲೆನಾಡಿನ ಪರಂಪರೆ ಎಂಬ ಫಲಕದ ಪಕ್ಕ ನಿಲ್ಲುತ್ತವೆ.

ಇಷ್ಟೆಲ್ಲ ದಾಟಿ ಕರಾರುಪತ್ರ ಬರೆಸಲು ಕೂತಾಗ ಹಿರಿಯರು ಕೆಮ್ಮುತ್ತಾರೆ. ಹಿತ್ತಲ ಹಲಸಿನ ಮರದ ಬುಡದಲ್ಲಿ ಚೌಡಿ ಇದ್ದಾಳೆ. ಮನೆ ಮಾರಬಹುದು, ಚೌಡಿಯನ್ನು ಮಾರುವಂತಿಲ್ಲ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಬಂದು ಪೂಜೆ ಮಾಡುತ್ತಾರೆ, ಅಡುಗೆ ಅಲ್ಲೇ, ರಾತ್ರಿ ಮಲಗುವುದೂ ಜಗುಲಿಯಲ್ಲೇ. ವಕೀಲರು ದಾಖಲೆ ಏನಾದರೂ ಇದೆಯೇ ಎಂದು ಕೇಳಿದರು. ಇಡೀ ಜಮೀನಿನಲ್ಲಿ ಯಾವ ನಮೂನೆಯೂ ಇಲ್ಲದೆ, ಯಾವ ಇಲಾಖೆಯ ತಕರಾರೂ ಇಲ್ಲದೆ ನೆಲೆಸಿರುವವಳು ಅವಳೊಬ್ಬಳೇ ಎಂದು ಗೊತ್ತಾಗಿ ಸುಮ್ಮನಾದರು. ದಲ್ಲಾಳಿ ಕೊನೆಯ ಷರತ್ತಾಗಿ ಇದನ್ನೂ ಸೇರಿಸಿ ಎಂದರು: ವರ್ಷಕ್ಕೊಂದು ಕೋಳಿ, ಖರ್ಚು ಖರೀದಿದಾರರದ್ದು.